ದೀಪದ ಮುಂದೆ 22 ನಿಮಿಷ: ಜಗನ್ಮೋಹನ ಅರಮನೆಗೆ ಎರಡು ಸಲ ಹೋದ ನಮ್ಮೂರ ಹೆಂಗಸರ ಪ್ರಕರಣ

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ 11 ಹೆಂಗಸರು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿ ಬಂದರು. ಕರೆದುಕೊಂಡು ಹೋದವಳು ನಾನು. ಗೌರಿ ಹಬ್ಬ ಕಳೆದ ಮೇಲೆ ಅವರಲ್ಲಿ ಒಂಬತ್ತು ಜನ ಅದೇ ಚಿತ್ರಶಾಲೆಗೆ ಮತ್ತೆ ಹೋದರು. ಜಾಗ ಅದೇ, ಚಿತ್ರಗಳು ಅವೇ, ನೋಡಿದವರೂ ಅವರೇ. ಆದರೂ ಮೊದಲ ಸಲ ಕೈಗೆ ಏನೂ ಹತ್ತಲಿಲ್ಲ, ಎರಡನೆಯ ಸಲ ಹತ್ತಿತು. ಹೀಗೇಕಾಯಿತು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಶಾಲೆಯ ಮಕ್ಕಳನ್ನೋ ಊರಿನವರನ್ನೋ ಇಂಥ ಕಡೆ ಕರೆದೊಯ್ಯುವವರಿಗೆ ನೆರವಾದೀತೆಂದು ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತಿದ್ದೇನೆ.

ಊರು ಪಾಂಡವಪುರ ತಾಲ್ಲೂಕಿನದು. ಕಬ್ಬು, ಭತ್ತ, ಒಂದಿಷ್ಟು ಹಿಪ್ಪುನೇರಳೆ. ಹೆಂಗಸರು ಒಂದೇ ಸ್ವಸಹಾಯ ಸಂಘದವರು, 27ರಿಂದ 68 ವರ್ಷದವರೆಗಿನವರು. ಎಲ್ಲರಿಗಿಂತ ಹಿರಿಯರು ನಮ್ಮತ್ತೆ. ಮಿಕ್ಕವರಲ್ಲಿ ಒಬ್ಬರ ಮನೆಯಲ್ಲಿ ಆಲೆಮನೆ ಇದೆ, ಒಬ್ಬರು ಹೊಲಿಗೆ ಹಾಕುತ್ತಾರೆ, ಇಬ್ಬರು ರೇಷ್ಮೆ ಹುಳ ಸಾಕುತ್ತಾರೆ, ಒಬ್ಬರು ಅಂಗನವಾಡಿ ಸಹಾಯಕಿ. ನಾನು ಮೈಸೂರಿನಲ್ಲಿ ಚಿತ್ರಕಲೆ ಓದಿದವಳು, ಈಗ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಓದುವಾಗ ಜಗನ್ಮೋಹನ ಅರಮನೆಗೆ ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಲ್ಲ. ನನ್ನ ಕಣ್ಣು ತೆರೆಸಿದ ಜಾಗವನ್ನು ನಮ್ಮತ್ತೆಗೂ ತೋರಿಸಬೇಕು ಎನ್ನುವುದು ಬಹಳ ದಿನದ ಆಸೆ.

ಮೊದಲನೆಯ ಸಲ

ಟೆಂಪೊ ಟ್ರಾವೆಲರ್ ಗೊತ್ತು ಮಾಡಿದೆವು. ಒಂದೇ ದಿನದ ಬಾಡಿಗೆಗೆ ಎಲ್ಲ ಮುಗಿಯಬೇಕು. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ದೊಡ್ಡ ಅರಮನೆ, ಊಟ, ಮೃಗಾಲಯ, ನಾಲ್ಕು ಗಂಟೆಗೆ ಜಗನ್ಮೋಹನ, ಕತ್ತಲಾಗುವಷ್ಟರಲ್ಲಿ ಕೆಆರ್‌ಎಸ್. ಮೈಸೂರು ನೋಡಲು ಬರುವವರ ದಿನ ಹೆಚ್ಚುಕಡಿಮೆ ಇದೇ ಥರ ಇರುತ್ತದೆ. ಈ ಪಟ್ಟಿ ಬರೆದವಳೂ ನಾನೇ.

ನಾಲ್ಕು ಗಂಟೆಯ ಹೊತ್ತಿಗೆ ಎಲ್ಲರ ಕಾಲೂ ಸೋತಿದ್ದವು. ಬೆಟ್ಟದಲ್ಲಿ ಸಾಲು, ಅರಮನೆಯಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸುತ್ತು, ಮೃಗಾಲಯದಲ್ಲಿ ಬಿಸಿಲು. ನಮ್ಮತ್ತೆ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡೇ ಹತ್ತಿದರು. ನಾನು ಮಾತ್ರ ಹುರುಪಿನಲ್ಲಿ ಮುಂದೆ ಮುಂದೆ ನಡೆದು ಪ್ರತಿ ಗೋಡೆಯ ಮುಂದೆಯೂ ನಿಂತು ವಿವರಿಸಿದೆ. ರಾಜಾ ರವಿವರ್ಮ ಹುಟ್ಟಿದ್ದು 1848ರಲ್ಲಿ ಕಿಳಿಮಾನೂರಿನಲ್ಲಿ, ಇದು ತೈಲವರ್ಣ, ಇದು ಯುರೋಪಿನ ರೀತಿ, ಅದು ನಮ್ಮ ಮೈಸೂರು ಶೈಲಿ. ಒಳಗೆ ಒಟ್ಟು 35 ನಿಮಿಷ ಇದ್ದೆವು. ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳ ಸಂಗ್ರಹಕ್ಕೆ ನಾವು ಕೊಟ್ಟ ಸಮಯ ಅಷ್ಟು.

ರಾತ್ರಿ ವಾಪಸು ಬರುವಾಗ ಒಬ್ಬೊಬ್ಬರನ್ನೇ ಕೇಳಿದೆ: ಚಿತ್ರಶಾಲೆಯಲ್ಲಿ ಏನು ನೆನಪಿದೆ? ಎಂಟು ಜನ ಗಡಿಯಾರ ಎಂದರು. ಗಂಟೆ ಹೊಡೆಯುವಾಗ ಪುಟಾಣಿ ಸಿಪಾಯಿಗಳು ಸಾಲಾಗಿ ಹೊರಡುತ್ತಾರಲ್ಲ, ಆ ಫ್ರೆಂಚ್ ಗಡಿಯಾರ. ಐದು ಜನ ಅಕ್ಕಿಕಾಳಿನ ಮೇಲೆ ಬಿಡಿಸಿದ ಚಿತ್ರ ಎಂದರು. ದೀಪ ಹಿಡಿದ ಹೆಂಗಸು ನೆನಪಿದ್ದದ್ದು ಇಬ್ಬರಿಗೆ ಮಾತ್ರ. ರವಿವರ್ಮನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಮ್ಮತ್ತೆ ಸುಮ್ಮನಿದ್ದರು. ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಹೇಳಿದರು: "ನಾವೆಲ್ಲಿ ನೋಡ್ದೋ ಕನಮ್ಮಿ, ಗ್ವಾಡೆ ಮ್ಯಾಲಿದ್ದೋರೇ ನಮ್ಮನ್ನ ನೋಡಿ ಕಳಿಸ್ದ್ರು."

ಆ ಮಾತು ನನ್ನನ್ನು ಚುಚ್ಚಿತು. ಯೋಚಿಸಿದಷ್ಟೂ ನಿಜ ಅನ್ನಿಸಿತು. ಗೋಡೆಯ ತುಂಬ ರಾಜರು, ರಾಣಿಯರು, ಧಣಿಗಳು. ಅವರೆಲ್ಲ ಈ ಹೆಂಗಸರನ್ನೇ ನೋಡುತ್ತಿದ್ದರು. ಇವರು ತಲೆ ತಗ್ಗಿಸಿ, ಸೆರಗು ಸರಿಮಾಡಿಕೊಂಡು, ಯಾರದೋ ಮನೆಯ ಜಗಲಿ ದಾಟುವವರ ಹಾಗೆ ದಾಟಿ ಬಂದಿದ್ದರು.

ಕಾಲು ಸೋಲುವುದರ ವಿಷಯ

ನಮ್ಮ ಅನುಭವ ಹೊಸದೇನಲ್ಲ. ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಸಂಗ್ರಹಾಲಯದ ದಣಿವಿನ ಬಗ್ಗೆ ಬರೆದಿದ್ದ. ಒಬ್ಬ ವ್ಯಕ್ತಿ ವಸ್ತುಗಳನ್ನು ನೋಡಲು, ಚೀಟಿ ಓದಲು ಹೇಗೆಲ್ಲ ಬಗ್ಗಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಕತ್ತು ಚಾಚಬೇಕು ಎಂದು ಫೋಟೊ ತೆಗೆಸಿ ತೋರಿಸಿದ್ದ. ಮೈ ದಣಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಅಧ್ಯಯನ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ್ದು, 2001ರಲ್ಲಿ ಪ್ರಕಟವಾದದ್ದು. ಹೆಸರಾಂತ ಕೃತಿಗಳ ಮುಂದೆ ಜನ ನಿಲ್ಲುವ ಸರಾಸರಿ ಸಮಯ ಸುಮಾರು 27 ಸೆಕೆಂಡು. ಅರ್ಧಕ್ಕರ್ಧ ಜನ 17 ಸೆಕೆಂಡಿನೊಳಗೇ ಮುಂದೆ ಹೋಗುತ್ತಾರೆ. ನ್ಯೂಯಾರ್ಕಿನವರೂ ನಮ್ಮ ಹಾಗೇ ಓಡುತ್ತಾರೆ ಎಂದು ತಿಳಿದಾಗ ಮನಸ್ಸು ಸ್ವಲ್ಪ ಹಗುರಾಯಿತು. ಹಾಗಾದರೆ ಕೊರತೆ ನಮ್ಮೂರ ಹೆಂಗಸರ ಓದಿನದಲ್ಲ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್, ಮನಶ್ಶಾಸ್ತ್ರ ಬಲ್ಲ ಅಬಿಗೇಲ್ ಹೌಸೆನ್ ಜೊತೆ ಸೇರಿ ರೂಪಿಸಿದ ಕ್ರಮವೊಂದಿದೆ. ಅದರಲ್ಲಿ ಕರೆದೊಯ್ಯುವವರು ವಿವರಿಸುವುದಿಲ್ಲ, ಕೇಳುತ್ತಾರೆ. ಈ ಚಿತ್ರದಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳ್ತೀರಿ? ಇನ್ನೇನು ಕಾಣುತ್ತೆ? ಇಷ್ಟೇ. ನನ್ನ ಒಂಬತ್ತನೆಯ ತರಗತಿಯಲ್ಲಿ ಇದನ್ನು ಮಾಡಿ ನೋಡಿದ್ದೆ, ಮಕ್ಕಳು ಮಾತಾಡಿದ್ದರು. ಮಕ್ಕಳಿಗೆ ಕೊಟ್ಟ ಆ ಮರ್ಯಾದೆಯನ್ನು ನಮ್ಮತ್ತೆಗೆ ಯಾಕೆ ಕೊಡಲಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೆಯ ಸಲ

ಗೌರಿ ಹಬ್ಬ ಮುಗಿದಿತ್ತು, ದಸರಾ ಜನಜಂಗುಳಿ ಇನ್ನೂ ಶುರುವಾಗಿರಲಿಲ್ಲ. ಈ ಸಲ ಬಾಡಿಗೆ ಗಾಡಿಯಿಲ್ಲ, ಬೆಳಗಿನ ಬಸ್ಸು. ಬೆಟ್ಟವಿಲ್ಲ, ಮೃಗಾಲಯವಿಲ್ಲ. ಜಗನ್ಮೋಹನ ಒಂದೇ, ಅದರೊಳಗೂ ಮೂರೇ ಚಿತ್ರ. ಇಬ್ಬರು ಬರಲಿಲ್ಲ. ಒಬ್ಬರಿಗೆ ಗದ್ದೆ ಕೆಲಸ. ಇನ್ನೊಬ್ಬರು "ನೋಡಿದ್ದನ್ನೇ ನೋಡಾಕೆ ಯಾರಾದ್ರೂ ದುಡ್ಡು ಕೊಟ್ಟು ಹೋದಾರ?" ಎಂದರು. ಅದೂ ನ್ಯಾಯವಾದ ಪ್ರಶ್ನೆಯೇ.

ಒಳಗೆ ಹೋಗುವ ಮೊದಲು ಹೊರಗಿನ ನೆರಳಲ್ಲಿ ಕೂತು, ತಂದಿದ್ದ ಚಕ್ಕುಲಿ ತಿನ್ನುತ್ತ ಕಟ್ಟಡದ ಕಥೆ ಹೇಳಿದೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಅರಮನೆ ಇದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೊಸದು ಮುಗಿದದ್ದು 1912ರಲ್ಲಿ. ಅಲ್ಲಿಯವರೆಗೆ ರಾಜಮನೆತನ ಇದ್ದದ್ದು ಇಲ್ಲೇ. ನಾಲ್ವಡಿಯವರಿಗೆ 1902ರಲ್ಲಿ ಅಧಿಕಾರ ವಹಿಸಿಕೊಟ್ಟ ಸಮಾರಂಭಕ್ಕೆ ವೈಸರಾಯ್ ಕರ್ಜನ್ ಬಂದದ್ದೂ ಇಲ್ಲಿಗೇ. 1915ರಲ್ಲಿ ಚಿತ್ರಶಾಲೆಯಾಯಿತು. ಈಗ ಜಯಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿದೆ. ಮದುವೆ ಮನೆಗೆ ಬೆಂಕಿ ಬಿದ್ದ ಕಥೆ ಅವರನ್ನು ಹಿಡಿದು ಕೂರಿಸಿತು. ಮದುವೆಗೆ ಕೂಡಿಟ್ಟ ಸೀರೆ, ಪಾತ್ರೆ, ಅಕ್ಕಿ ಏನಾಗಿರಬೇಕು ಎಂದು ತಾವೇ ಲೆಕ್ಕ ಹಾಕಿದರು. "ಹಂಗಾದ್ರೆ ಇದು ಮನೆ ಸುಟ್ಟೋರು ಬಂದು ಇದ್ದ ಮನೆ" ಎಂದರು ಅಂಗನವಾಡಿಯವರು. ಅದಾದ ಮೇಲೆ ಬಾಗಿಲು ದಾಟುವಾಗ ಅವರ ನಡಿಗೆಯೇ ಬೇರೆಯಾಗಿತ್ತು.

ಮೊದಲ ಚಿತ್ರ ಮೈಸೂರು ಶೈಲಿಯದು. ದೂರದಿಂದ ಚಿನ್ನದ ಬಣ್ಣ ಎಂದಷ್ಟೇ ಕಾಣುತ್ತದೆ. ಎದುರಿಗೆ ನಿಲ್ಲಬೇಡಿ, ಮುಟ್ಟದೆ, ಪಕ್ಕಕ್ಕೆ ಬಂದು ಓರೆಯಾಗಿ ನೋಡಿ ಎಂದೆ. ಓರೆಯಿಂದ ನೋಡಿದರೆ ಒಡವೆಗಳೂ ಅಂಚುಗಳೂ ಕೂದಲೆಳೆಯಷ್ಟು ಎದ್ದು ನಿಂತದ್ದು ಗೊತ್ತಾಗುತ್ತದೆ. ಸೀಸದ ಬಿಳಿಪುಡಿ, ಮಕ್ಕಿ ಎನ್ನುವ ಹಳದಿ ಮರದಂಟು, ಗೋಂದು ಸೇರಿಸಿ ಸಣ್ಣ ಕುಂಚದಲ್ಲಿ ಉಬ್ಬು ಎತ್ತಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಹರಳೂ ಇರುತ್ತವೆ. ನಮ್ಮದರಲ್ಲಿ ತೆಳುವು. ಒಬ್ಬೊಬ್ಬರೇ ಕತ್ತು ವಾಲಿಸಿ ನೋಡಿದರು. ಹೊಲಿಗೆಯ ಅಕ್ಕ "ಇದು ಜರಿ ಕೆಲಸದ ಹಂಗೇ, ಉಲ್ಟಾ ನೋಡಿದ್ರೇನೇ ಕೆಲಸ ಗೊತ್ತಾಗೋದು" ಎಂದು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು.

ಎರಡನೆಯದು ರವಿವರ್ಮನ ಗಾಯಕಿಯರ ಗುಂಪು, 1889ರ ಸುಮಾರಿನದು. ಬೇರೆ ಬೇರೆ ಸೀಮೆಯ 11 ಹೆಂಗಸರು ಒಂದೇ ಚೌಕಟ್ಟಿನಲ್ಲಿ. ಉಡುಗೆ, ಒಡವೆ, ತಲೆಗೂದಲು ಒಬ್ಬರದಿದ್ದ ಹಾಗೆ ಇನ್ನೊಬ್ಬರದಿಲ್ಲ. ಮೊದಲು ಎಣಿಸಿದರು. ಆಮೇಲೆ ಸೀರೆಗೆ ಬಂದರು. ರೇಷ್ಮೆಯವರು ಒಬ್ಬರು ಯಾವುದು ರೇಷ್ಮೆ, ಯಾವುದು ಹತ್ತಿ ಎಂದು ನೆರಿಗೆ ನೋಡಿಯೇ ಬೇರೆ ಮಾಡತೊಡಗಿದರು: ರೇಷ್ಮೆ ಬಿದ್ದಲ್ಲಿ ಮುರಿದು ಮಿಂಚುತ್ತದೆ, ಹತ್ತಿ ಮೆತ್ತಗೆ ಇಳಿಯುತ್ತದೆ. ನಾಲ್ಕು ವರ್ಷ ಬಟ್ಟೆಯ ಮಡಿಕೆ ಬರೆಯಲು ಕಲಿತ ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ನಮ್ಮತ್ತೆ ಒಂದು ಮಾತು ತೆಗೆದರು: "ಇವ್ರು ಒಬ್ರ ಮಖ ಒಬ್ರು ನೋಡ್ತಾನೇ ಇಲ್ವಲ್ಲ."

ಇಲ್ಲಿ ನಾನು ತಪ್ಪಿದೆ. ಖುಷಿ ತಡೆಯಲಾರದೆ ಬಾಯಿ ಹಾಕಿಬಿಟ್ಟೆ. ಇದು ನಿಜವಾಗಿ ನಡೆದ ಸಂಗೀತ ಕಚೇರಿಯಲ್ಲ, ಇಡೀ ದೇಶದ ಹೆಂಗಸರನ್ನು ಒಟ್ಟಿಗೆ ಕೂರಿಸಬೇಕೆಂದು ಕಲಾವಿದ ಕಲ್ಪಿಸಿಕೊಂಡದ್ದು ಎಂದು ಎರಡು ನಿಮಿಷ ಪಾಠ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ಮಾತು ನಿಂತುಹೋಯಿತು. ಅತ್ತೆ ಆ ಮಾತನ್ನು ಎಲ್ಲಿಗೆ ಒಯ್ಯುತ್ತಿದ್ದರೋ ಇನ್ನು ಗೊತ್ತಾಗುವಂತಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಹೇಳುವ ಹೊತ್ತು ಅದಾಗಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಹೆಚ್ಚು ಕಲಿಸಿದ್ದು ಈ ಎರಡು ನಿಮಿಷವೇ.

ಹೊರಗೆ ಬಂದು ಕಾಲು ಗಂಟೆ ಕೂತೆವು. ನೀರು, ಎಲೆಯಡಿಕೆ. ಅತ್ತೆ ಕಾಲು ನೀಡಿಕೊಂಡರು. ಒಬ್ಬರು ಮಾತ್ರ ಗಡಿಯಾರದ ಸಿಪಾಯಿಗಳು ಹೊರಡುವ ಹೊತ್ತಿಗೆ ಕಾಯುತ್ತೇನೆಂದು ಒಳಗೇ ಉಳಿದರು. ಮುಂದಿನ ಚಿತ್ರಕ್ಕೂ ಬರಲಿಲ್ಲ. ಅವರಿಗೆ ಬೇಕಾದದ್ದು ಗಡಿಯಾರ, ಅದನ್ನು ಮನಸಾರೆ ನೋಡಿದರು. ಅದನ್ನು ಸೋಲು ಎಂದು ನಾನು ಬರೆದುಕೊಂಡಿಲ್ಲ.

ದೀಪ

ಮೂರನೆಯದು ಎಸ್.ಎಲ್. ಹಲ್ದಣ್ಕರ್ ಅವರ ದೀಪ ಹಿಡಿದ ಹೆಂಗಸು. ಮೈಸೂರಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಇದನ್ನು ರವಿವರ್ಮನದೆಂದೇ ತಿಳಿದಿದ್ದಾರೆ. ಹಲ್ದಣ್ಕರ್ ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿದವರು, ಮುಂಬೈಯಲ್ಲಿ ಚಿತ್ರಕಲಾ ಶಾಲೆ ನಡೆಸಿದವರು. ಈ ಚಿತ್ರ ಬರೆದದ್ದು 1940ರ ದಶಕದ ನಡುವೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ರೂಪದರ್ಶಿಯಾಗಿ ನಿಂತವರು ಹಲ್ದಣ್ಕರ್ ಅವರ ಮಗಳು ಗೀತಾ. ನೂರು ವರ್ಷ ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಇಷ್ಟೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಈ ಸಲ ನುಂಗಿಕೊಂಡೆ.

ಕೇಳಿದ್ದು ಒಂದೇ: ಏನು ನಡೀತಿದೆ?

ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲಿಲ್ಲ. ಒಬ್ಬ ಹೆಂಗಸು ನಿಂತಿದ್ದಾಳೆ, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ದೀಪಕ್ಕೆ ಮರೆ. ಬೆಳಕು ಕೆಳಗಿನಿಂದ ಮುಖಕ್ಕೆ ಹತ್ತಿದೆ. ಮರೆ ಹಿಡಿದ ಬೆರಳುಗಳು ಒಳಗಿನಿಂದ ಕೆಂಪಾಗಿವೆ. ಹಿಂದೆ ಬರೀ ಕತ್ತಲು.

"ಗಾಳಿ ಬತ್ತಾ ಐತೆ" ಎಂದರು ಆಲೆಮನೆ ಅಕ್ಕ.

ಏನು ನೋಡಿ ಹೇಳ್ತೀರಿ ಎಂದೆ.

"ಕೈ ನೋಡವ್ವ. ಸುಮ್ನೆ ದೀಪ ಹಿಡ್ಕಂಡಿದ್ರೆ ಕೈ ಅಲ್ಯಾಕೆ ಹೋಯ್ತದೆ? ಬಾಗ್ಲಿಂದ ಆಚೀಕೆ ಬತ್ತಾವ್ಳೆ. ತುಳಸಿ ಕಟ್ಟೆಗೆ ಮಡಗಾಕೆ."

ಅಲ್ಲಿಂದ ಮಾತು ಹರಿಯಿತು. ಮರೆ ಹಿಡಿಯುವಾಗ ಅಂಗೈ ಎಷ್ಟು ದೂರ ಇರಬೇಕು ಎಂದು ಎಲ್ಲರೂ ತಮ್ಮ ತಮ್ಮ ಕೈ ಎತ್ತಿ ತೋರಿಸಿದರು. ತೀರ ಹತ್ತಿರವಾದರೆ ಸುಡುತ್ತದೆ, ದೂರವಾದರೆ ಆರುತ್ತದೆ. ಎಂಟು ಹೆಂಗಸರು ಚಿತ್ರದ ಮುಂದೆ ಎಂಟು ಇಲ್ಲದ ದೀಪಕ್ಕೆ ಮರೆ ಹಿಡಿದು ನಿಂತಿದ್ದರು. ಅತ್ತೆಯ ಕೈ ನಡುಗುತ್ತಿತ್ತು, ಆದರೂ ಚಿತ್ರದಲ್ಲಿರುವ ಕೈಗೆ ಎಲ್ಲರಿಗಿಂತ ಹತ್ತಿರವಾಗಿದ್ದದ್ದು ಅವರದೇ. 68 ವರ್ಷದಲ್ಲಿ ಎಷ್ಟು ಸಂಜೆ ಹೀಗೆ ದೀಪ ಹೊರಗೆ ತಂದಿದ್ದಾರೋ. ಹಿಂದೆ ನಿಂತಿದ್ದ ಬೇರೆ ಊರಿನ ದಂಪತಿ ಮುಂದೆ ಹೋಗುವವರು ಹೋಗದೆ ಕೇಳಿಸಿಕೊಳ್ಳುತ್ತ ನಿಂತರು.

ಹುಳ ಸಾಕುವವರೊಬ್ಬರು ಬೆರಳಿನ ಕೆಂಪು ಬಣ್ಣ ಜಾಸ್ತಿಯಾಯಿತು ಎಂದರು. ಬೆಳಕಿಗೆ ಹಿಡಿದರೆ ಬೆರಳು ಅಷ್ಟು ಕೆಂಪಾಗುವುದಿಲ್ಲವಂತೆ. ಆಲೆಮನೆ ಅಕ್ಕ ಒಪ್ಪಲಿಲ್ಲ. ರಾತ್ರಿ ಕೊಪ್ಪರಿಗೆಯ ಕೆಳಗೆ ರಚ್ಚು, ಅಂದರೆ ಒಣಗಿದ ಕಬ್ಬಿನ ಸಿಪ್ಪೆ, ಹಾಕುವಾಗ ಒಲೆಬಾಯಿಯ ಝಳಕ್ಕೆ ಕೈ ಅಡ್ಡ ಹಿಡಿದರೆ ಬೆರಳಿನ ಅಂಚೆಲ್ಲ ಹೀಗೇ ಕಾಣುತ್ತದೆ ಎಂದರು. ವಾದ ಬಲವಾಗಿಯೇ ನಡೆಯಿತು. ನಾನು ನಡುವೆ ಹೋಗಲಿಲ್ಲ.

ಇನ್ನೇನು ಕಾಣುತ್ತೆ ಎಂದು ಕೇಳಿದ ಮೇಲೆ ಅಂಗನವಾಡಿಯವರು "ಈ ಬೆಳಕಿಗೆ ಯಾವ ಬಣ್ಣ ಹಾಕವ್ರೆ?" ಎಂದು ನನ್ನನ್ನೇ ಕೇಳಿದರು. ಆಗ ಹೇಳಿದೆ. ಇದು ಎಣ್ಣೆಯ ಬಣ್ಣವಲ್ಲ, ನೀರಿನ ಬಣ್ಣ. ಜಲವರ್ಣದಲ್ಲಿ ಬೆಳಕು ಎಂದರೆ ಬಣ್ಣ ಹಾಕದೆ ಬಿಟ್ಟ, ಇಲ್ಲವೇ ಬಲು ತೆಳ್ಳಗೆ ಹಾಕಿದ ಕಾಗದ. ಸುತ್ತಲಿನ ಕತ್ತಲನ್ನು ಬರೆದು ಬೆಳಕನ್ನು ಉಳಿಸಿಕೊಳ್ಳಬೇಕು. ಎಣ್ಣೆಯಲ್ಲಾದರೆ ತಪ್ಪಿದ ಕಡೆ ಮೇಲೊಂದು ಬಳಿಯಬಹುದು, ಇದರಲ್ಲಿ ತಪ್ಪಿದರೆ ಮುಗಿಯಿತು. ಅವರು ಕೇಳಿದ ಮೇಲೆ ಹೇಳಿದ್ದರಿಂದ ಒಂದೊಂದು ಮಾತೂ ಇಳಿಯಿತು. ಹೊಲಿಗೆಯ ಅಕ್ಕ ಬಟ್ಟೆಗೆ ಕತ್ತರಿ ಹಾಕಿದ ಹಾಗೆ ಎಂದರು. ಅತ್ತೆ "ರಂಗೋಲಿ ಆದ್ರೆ ಒರಸಿ ಇನ್ನೊಂದು ಎಳೆ ಹಾಕ್ಬೋದು" ಎಂದು ಕಾಗದದ ಹತ್ತಿರಕ್ಕೆ ಮುಖ ತಂದು ತುಂಬ ಹೊತ್ತು ನೋಡಿದರು. ನಿಂತವಳು ಬರೆದವನ ಮಗಳು ಎಂದಾಗ ಅವರು ಕೇಳಿದ್ದು ಒಂದೇ: "ಎಣ್ಣೆ ಮುಗಿಯೋಗಂಟ ನಿಲ್ಲಿಸಿದ್ನೇನೋ ಮಗೀನ?"

ಮಬ್ಬು ಬೆಳಕು ಯಾಕೆ ಎಂದೂ ಒಬ್ಬರು ಕೇಳಿದರು. ನೀರಿನ ಬಣ್ಣ ಬೆಳಕಿಗೆ ಮಾಸುತ್ತದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಎಣ್ಣೆ ಚಿತ್ರಕ್ಕೆ 200 ಲಕ್ಸ್‌ವರೆಗೆ ಬೆಳಕು ಬಿಡಬಹುದು, ಜಲವರ್ಣಕ್ಕೆ 50 ದಾಟಬಾರದು ಎಂಬುದು ಸಂಗ್ರಹಾಲಯಗಳು ಪಾಲಿಸುವ ಲೆಕ್ಕ. "ರೇಷ್ಮೆ ಸೀರೆ ಬಿಸಿಲಿಗೆ ಒಣಗಾಕಲ್ಲ, ಹಂಗೆ" ಎಂದು ಅವರೇ ಮುಗಿಸಿದರು.

ಗಡಿಯಾರ ನೋಡಿಕೊಂಡೆ. ಆ ಒಂದು ಚಿತ್ರದ ಮುಂದೆ 22 ನಿಮಿಷ ಕಳೆದಿತ್ತು.

ನನಗೆ ಕಂಡದ್ದು

ಒಂಬತ್ತು ಜನರ ಒಂದು ದಿನದಿಂದ ನಿಯಮ ಕಟ್ಟಲಾಗದು. ಎರಡನೆಯ ಸಲ ಜಾಗದ ಪರಿಚಯವಿತ್ತು, ಅಂಜಿಕೆ ಕಡಿಮೆಯಿತ್ತು. ಅದೂ ಕೆಲಸ ಮಾಡಿರಬೇಕು. ಚಿತ್ರಗಳನ್ನು ನಾನು ಆರಿಸಿದ್ದೂ ಹೆಂಗಸರ ಬದುಕಿಗೆ ಹತ್ತಿರವಾದವನ್ನೇ. ಕಾಡು ಬೆಟ್ಟದ ಚಿತ್ರದ ಮುಂದೆ ನಿಲ್ಲಿಸಿದ್ದರೆ ಹೀಗೇ ಆಗುತ್ತಿತ್ತೆಂದು ಹೇಳಲಾರೆ.

ಆದರೂ ಒಂದು ಮಾತು ಖಚಿತವಾಗಿ ಹೇಳುತ್ತೇನೆ. ಮೊದಲ ಸಲ ನಾನು ಅವರನ್ನು ಖಾಲಿ ಕೊಡಗಳೆಂದು ತಿಳಿದು ತುಂಬಿಸಲು ಹೋದೆ. ನೆರಿಗೆ ನೋಡಿ ರೇಷ್ಮೆ ಹೇಳುವ ಕಣ್ಣು, ದೀಪಕ್ಕೆ ಮರೆ ಹಿಡಿಯುವ ಅಂಗೈ ಅವರು ಮನೆಯಿಂದಲೇ ತಂದಿದ್ದರು, ಮೊದಲ ಸಲವೂ ತಂದಿದ್ದರು. ಅವನ್ನು ಚಿತ್ರದ ಮುಂದೆ ಬಿಚ್ಚಿಡಲು ಬಿಡುವು ಕೊಡಲಿಲ್ಲ ಅಷ್ಟೇ. ಶಾಲೆಯಿಂದ ಮಕ್ಕಳನ್ನು ಕರೆದೊಯ್ಯುವವರೂ ಪ್ರವಾಸದ ಪಟ್ಟಿಯಲ್ಲಿ ಚಿತ್ರಶಾಲೆಯನ್ನು ನಾಲ್ಕು ಗಂಟೆಗೆ ಇಡಬೇಡಿ. ಬೆಳಿಗ್ಗೆಗೆ ಇಡಿ, ಇಲ್ಲವೇ ಇನ್ನೊಂದು ದಿನಕ್ಕೆ ಬಿಡಿ.

ಬಸ್ಸಿನಲ್ಲಿ ವಾಪಸು ಬರುವಾಗ ಕತ್ತಲಾಗಿರಲಿಲ್ಲ. ಆದರೂ ಆಲೆಮನೆ ಅಕ್ಕ ಮೊಬೈಲಿನ ಟಾರ್ಚ್ ಹಚ್ಚಿ ಅಂಗೈ ಕೆಳಗೆ ಹಿಡಿದು ಹುಳದವರಿಗೆ ತೋರಿಸಿದರು. ಬೆರಳು ಕೆಂಪಾಯಿತು. "ಅದು ಬ್ಯಾಟ್ರಿ, ದೀಪ ಅಲ್ಲ" ಎಂದು ಅವರು ಸೋಲೊಪ್ಪಲಿಲ್ಲ.

ಕಾರ್ತಿಕದಲ್ಲಿ ಒಂದು ಸಂಜೆ ಆಲೆಮನೆ ಅಕ್ಕ ನಮ್ಮ ಜಗಲಿಗೆ ಬಂದರು. ಎಣ್ಣೆ ದೀಪ ಹಚ್ಚಿ ಕತ್ತಲಲ್ಲಿ ನೋಡಿದ್ದಾರೆ. ಬೆರಳ ಸಂದಿಯಲ್ಲಿ, ಅಂಚಿನಲ್ಲಿ ಕೆಂಪು ಬರುತ್ತದೆ, ಬೆರಳ ನಡುವೆ ಬರುವುದಿಲ್ಲ. "ಆ ಚಿತ್ರದಾಗೆ ನಡೂಕೂ ಕೆಂಪಿತ್ತಾ ಅಂಚಿಗೆ ಮಾತ್ರ ಇತ್ತಾ, ಗ್ಯಾಪ್ಕಾನೇ ಇಲ್ಲ ಕನವ್ವ" ಎಂದರು. ನನಗೂ ಸರಿಯಾಗಿ ನೆನಪಿರಲಿಲ್ಲ. ಒಳಗಿನಿಂದ ಅತ್ತೆ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.